ಚುಕ್ಕೆ ಮೇಷ್ಟ್ರ ಖಾಲಿ ಬಾಟಲಿ

ನನ್ನ ತಮ್ಮನನ್ನು ಶಾಲೆಯ ಮಕ್ಕಳು ಎದುರಿಗೆ ಸರ್ ಅನ್ನುತ್ತಾರೆ, ಬೆನ್ನ ಹಿಂದೆ ಚುಕ್ಕೆ ಮೇಷ್ಟ್ರು ಅನ್ನುತ್ತಾರೆ. ಶಾಲೆಯ ಗೇಟಿನ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ ಇರುವುದರಿಂದ ಬೆನ್ನ ಹಿಂದಿನ ಮಾತುಗಳೆಲ್ಲ ಮೊದಲು ನನ್ನ ಕಿವಿಗೇ ಬೀಳುತ್ತವೆ. ನನಗೂ ಒಂದು ಅಡ್ಡಹೆಸರಿದೆಯಂತೆ. ಅದನ್ನು ಅಂಗಡಿಯ ಮುಂದೆ ಹೇಳುವಷ್ಟು ದಡ್ಡರು ಆ ಶಾಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಅವನು ಇವತ್ತಿಗೂ ಶಾಲೆಗೆ ಬರುತ್ತಾನೆ, ಪಾಠ ಮಾಡುತ್ತಾನೆ, ತಲೆ ತಗ್ಗಿಸಿಕೊಂಡು ಹೋಗುತ್ತಾನೆ. ಅಂಗಿಯ ತೋಳಿನ ಗುಂಡಿ ಕಿತ್ತುಹೋಗಿ ಎಷ್ಟೋ ಕಾಲವಾಯಿತು. ಹಾಕಿಕೊಡುತ್ತೇನೆ ಬಾರೋ ಅಂದರೆ ಬೇಡ ಅನ್ನುತ್ತಾನೆ. ಗುಂಡಿ ಅನ್ನುವ ಮಾತು ಕೇಳಿದರೆ ಸಾಕು, ಅವನ ಮುಖ ಕಪ್ಪಿಡುತ್ತದೆ. ಯಾಕೆಂದು ಗೊತ್ತಿರುವವಳು ನಾನೊಬ್ಬಳೇ. ಗೊತ್ತಿಲ್ಲದೇ ಇದ್ದಿದ್ದರೆ ಚೆನ್ನಾಗಿತ್ತು.

ಚಿಕ್ಕಂದಿನಿಂದಲೂ ಅವನಿಗೆ ಒಂದು ಕಾಯಿಲೆ. ಯಾರಾದರೂ ಏನಾದರೂ ಹೇಳಿದರೆ ಹೌದೋ ಅಲ್ಲವೋ ಮಾಡಿ ನೋಡಬೇಕು. ಹಣ್ಣಿನ ಬೀಜ ನುಂಗಿದರೆ ಹೊಟ್ಟೆಯಲ್ಲಿ ಗಿಡ ಹುಟ್ಟುತ್ತದೆ ಎಂದು ಅಜ್ಜಿ ಹೆದರಿಸಿದ್ದಳು. ನಾನು ಹೆದರಿ ಉಗುಳಿದೆ. ಇವನು ನನ್ನ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ, "ಅಕ್ಕಾ, ಗಿಡ ಹುಟ್ಟಲ್ಲ ಅಂತ ಈಗ್ಲೇ ಹೇಳ್ತಿದೀನಿ. ಆಮೇಲೆ ಮಾತು ಬದಲಾಯಿಸ್ದ ಅನ್ಬೇಡ. ನೀನೇ ಸಾಕ್ಷಿ," ಎಂದು ಹೇಳಿ ಗುಳುಂ ಮಾಡಿದ. ಆಮೇಲೆ ದಿನವೂ ಬೆಳಿಗ್ಗೆ ನನ್ನ ಮುಂದೆ ಬಾಯಿ ತೆರೆದು ನಿಲ್ಲುತ್ತಿದ್ದ. ಬೀಜ ನುಂಗಿದವನು ಅವನು, ಅವನ ಬಾಯಿ ನೋಡುವ ಶಿಕ್ಷೆ ನನಗೆ. ಆದರೆ ಒಂದು ಮಾತನ್ನು ಒಪ್ಪಬೇಕು. ಗಿಡ ಹುಟ್ಟಿದ್ದರೆ ಅವನು ಮುಚ್ಚಿಡುತ್ತಿರಲಿಲ್ಲ. "ಅಜ್ಜಿ ಹೇಳಿದ್ದೇ ಸರಿ" ಎಂದು ಎಲೆ ಸಮೇತ ಬಂದು ನಿಲ್ಲುತ್ತಿದ್ದ.

ಅಂಥವನು ವಿಜ್ಞಾನದ ಮೇಷ್ಟರಾದ. ಆ ಶಾಲೆಯಲ್ಲಿ ವಿಜ್ಞಾನಕ್ಕೆಂದು ಇದ್ದದ್ದು ಒಡೆದ ಗಾಜಿನ ಕೊಳವೆಗಳು, ಒಂದು ಕುಂಟು ತಕ್ಕಡಿ, ಬೀಗ ಜಡಿದ ಒಂದು ಬೀರು. ಬೀರುವಿನ ಕೀಲಿ ಯಾರ ಹತ್ತಿರವಿದೆ ಎನ್ನುವುದೇ ಅಲ್ಲಿ ನಡೆಯುತ್ತಿದ್ದ ಏಕೈಕ ಸಂಶೋಧನೆ. ಯಾವುದೋ ಕಚೇರಿಯವರು ಹಳೆಯದೆಂದು ಬಿಸಾಡಿದ ಕಂಪ್ಯೂಟರುಗಳು ಶಾಲೆಗೆ ಬಂದಾಗ ಇವನು ಅವುಗಳ ಮುಂದೆ ಕುಳಿತವನು ಏಳಲೇ ಇಲ್ಲ. ಮೇಜಿನ ಮೇಲೆ ಮಾಡಲಾಗದ ಪ್ರಯೋಗವನ್ನು ಪರದೆಯ ಮೇಲೆ ಮಾಡೋಣವೆಂದು, ಬ್ರೌಸರಿನಲ್ಲಿ ತೆರೆಯುವ ಪುಟಗಳನ್ನು ತಾನೇ ಬರೆಯತೊಡಗಿದ. ಓದುವ ಪುಟಗಳಲ್ಲ, ಆಡಿಸುವ ಪುಟಗಳು. ಒಂದು ಪೆಟ್ಟಿಗೆ, ಒಳಗೆ ನೂರಾರು ಚುಕ್ಕೆ, ಕೆಳಗೆ ಬೆರಳಿನಿಂದ ಎಳೆಯುವ ಒಂದು ಪಟ್ಟಿ, ಪಕ್ಕದಲ್ಲಿ 'ಶುರು' ಎಂದು ಬರೆದ ಒಂದು ಚೌಕ. ಪಟ್ಟಿಯನ್ನು ಬಲಕ್ಕೆ ಎಳೆದು ಶುರು ಒತ್ತಿದರೆ ಶಾಖ ಹೆಚ್ಚಿ ಚುಕ್ಕೆಗಳು ಹುಚ್ಚೆದ್ದು ಗೋಡೆಗೆ ಬಡಿದುಕೊಳ್ಳುತ್ತವೆ. ಎಡಕ್ಕೆ ಎಳೆದರೆ ಮರಗಟ್ಟಿ ಕೂರುತ್ತವೆ. ಇನ್ನೊಂದು ಪುಟದಲ್ಲಿ ಚುಕ್ಕೆಯಿಂದ ಚುಕ್ಕೆಗೆ ನೆಗಡಿ ಹರಡುತ್ತದೆ. ಮತ್ತೊಂದರಲ್ಲಿ ಕೆರೆಯ ಮೀನುಗಳೂ ಚುಕ್ಕೆಗಳೇ. ಅವನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ ಎನ್ನುವುದು ಇದರ ಒಳಗುಟ್ಟು.

ಆ ಪುಟಗಳಿಗೆ ಅವನು ಎರಡು ಕಟ್ಟಳೆ ಮಾಡಿದ್ದ. ಮೊದಲನೆಯದು: ಮೊದಲು ಹೇಳು, ಆಮೇಲೆ ಒತ್ತು. ಏನಾಗುತ್ತದೆ ಎಂದು ನಿನಗನ್ನಿಸುತ್ತದೋ ಅದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು, ಆಮೇಲೆ ಮಾತ್ರ ಒತ್ತಬೇಕು. ಒತ್ತಿದ ಮೇಲೆ "ನಾನೂ ಹಾಗೇ ಅಂದ್ಕೊಂಡಿದ್ದೆ ಸರ್" ಎಂದವರು ಆ ಪಾಠ ಮುಗಿಯುವ ತನಕ ನಿಂತೇ ಇರಬೇಕು. ಎರಡನೆಯದು: ಒಂದೇ ಸಲ. ನಿನಗೆ ಬೇಕಾದ ಉತ್ತರ ಬರುವ ತನಕ ಮತ್ತೆ ಮತ್ತೆ ಒತ್ತುವುದು ಕಳ್ಳತನ. "ದಾಳ ಗರ ಬೀಳೋ ತನಕ ಎಸೀತಾ ಇದ್ದು, ಬಿದ್ಮೇಲೆ ನೋಡಿ ನಾನು ಹೇಳಿದ್ದೇ ಬಿತ್ತು ಅನ್ನೋದು ಯಾವ ಸೀಮೆ ನ್ಯಾಯ?" ಎನ್ನುತ್ತಿದ್ದ. ಪರದೆಯ ಮೇಲೆ ಅಂಕಿಗಳನ್ನೂ ಹಾಕುತ್ತಿರಲಿಲ್ಲ. ಅಂಕಿ ಕಂಡರೆ ಮಕ್ಕಳು ಅಂಕಿ ಬರೆದುಕೊಂಡು ಚುಕ್ಕೆಗಳನ್ನು ನೋಡುವುದನ್ನೇ ಬಿಡುತ್ತಾರೆ ಎಂದು ಅವನ ವಾದ.

ಇದಕ್ಕೆ ಕಲ್ಲು ಹಾಕಿದವರು ಹೆಡ್ ಮೇಡಂ. ನೆಗಡಿಯ ಪುಟದಲ್ಲಿ ಯಾರಿಗೆ ಅಂಟುತ್ತದೆ, ಯಾರಿಗಿಲ್ಲ ಎನ್ನುವುದು ದಾಳ ಎಸೆದ ಹಾಗೆ. ಹಾಗಾಗಿ ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಫಲ. ಮೇಡಂ ಒಂದು ದಿನ ತರಗತಿಗೆ ಬಂದು ಸಾಲಾಗಿ ನೋಡಿಕೊಂಡು ಹೋದರು. "ಇದೇನ್ರೀ ಮೇಷ್ಟ್ರೇ, ಹತ್ತು ಮಿಷನ್ನು, ಹತ್ತು ಉತ್ತರ? ಪರೀಕ್ಷೇಲಿ ಮಕ್ಕಳು ಯಾವ್ದನ್ನ ಬರೀಬೇಕು?" ಇವನು ವಿವರಿಸಿದ. ಲೋಕದಲ್ಲಿ ನೆಗಡಿಯೂ ಹಾಗೇ ಹರಡುತ್ತದೆ ಎಂದ. "ಲೋಕ ಹೇಗಾದ್ರೂ ಹಾಳಾಗ್ಲಿ, ನಮ್ಮ ಶಾಲೇಲಿ ಒಂದೇ ಉತ್ತರ ಬರ್ಲಿ," ಎಂದರು ಮೇಡಂ. ಇವನು ಜಗಳವಾಡಿದ, ಮುನಿಸಿಕೊಂಡ, ಕೊನೆಗೆ ಸೋತ. ಎಲ್ಲ ಪುಟಗಳೂ ಹಂಚಿಕೊಳ್ಳುತ್ತಿದ್ದ ತಳದ ಫೈಲಿನಲ್ಲಿ ಒಂದೇ ಒಂದು ಸಾಲು ಸೇರಿಸಿದ. ಅಂದಿನಿಂದ ಪುಟ ತೆರೆದು ಮೊದಲ ಸಲ ಒತ್ತಿದಾಗ ದಾಳ ಯಾವಾಗಲೂ ಒಂದೇ ರೀತಿ ಬೀಳುತ್ತಿತ್ತು. ಮತ್ತೆ ಒತ್ತಿದರೆ ಬೇರೆ. ಆದರೆ ಮತ್ತೆ ಒತ್ತುವುದೇ ಅಲ್ಲಿ ಕಳ್ಳತನವಾಗಿತ್ತಲ್ಲ!

ಸಾಯಂಕಾಲ ಅಂಗಡಿಗೆ ಬಂದು, "ಅಕ್ಕಾ, ಇವತ್ತು ನಾನೊಂದು ಹೊಲಸು ಕೆಲಸ ಮಾಡ್ದೆ," ಎಂದು ಹೇಳಿ, ನಾನು ಕೊಟ್ಟ ಟೀ ಕುಡಿದು ಹೋದ. ಆಮೇಲೆ ಆ ವಿಷಯ ಎತ್ತಲಿಲ್ಲ. ನಾಚಿಕೆಯಾದದ್ದನ್ನು ಮನುಷ್ಯ ಬೇಗ ಮರೆಯುತ್ತಾನೆ. ಅವನೂ ಮರೆತ.

ಇನ್ನು ಅವನ ಹೆಂಡತಿ. ಅವಳು ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಕತ್ತರಿಗಳು, ಕಿಟಕಿಯ ಕಟ್ಟೆಯ ಮೇಲೆ ಗುಂಡಿಗಳ ತಗಡಿನ ಡಬ್ಬ. ಅರ್ಧ ಊರಿನ ಮಕ್ಕಳ ಸಮವಸ್ತ್ರ ಅವಳ ಕೈಯಿಂದಲೇ ಬಂದದ್ದು. ಮಕ್ಕಳು ಅವಳಿಗಾಗಲಿಲ್ಲ. "ನಮ್ಮನೇಲಿ ಮಕ್ಕಳಿಲ್ಲ ಅಂತ ಯಾರಂದ್ರು ಅತ್ತಿಗೆ, ಎಲ್ಲರ ಮಕ್ಕಳ ಚಡ್ಡೀನೂ ನಮ್ಮನೇಲೇ ಇದೆ," ಎಂದು ನಗುತ್ತಿದ್ದಳು. ನಾನು ಅವಳ ಗಂಡನ ಅಕ್ಕ, ಅಂದರೆ ಸಂಪ್ರದಾಯದ ಪ್ರಕಾರ ಅವಳ ಪಾಲಿನ ಮುಳ್ಳು. ಆದರೆ ನಮ್ಮಿಬ್ಬರಿಗೆ ಜಗಳವೇ ಬರಲಿಲ್ಲ. ಜಗಳವಾಡಬೇಕೆಂದು ಸಿದ್ಧಳಾಗಿ ಹೋದರೂ ಅವಳು ನಗಿಸಿ ಕಳಿಸುತ್ತಿದ್ದಳು. ಈಗ ಆ ಮನೆಗೆ ಹೋದರೆ ನನಗೆ ಕೂರಲಾಗುವುದಿಲ್ಲ.

ತಲೆನೋವೆಂದು ತೋರಿಸಿಕೊಳ್ಳಲು ಹೋದವಳಿಗೆ ಫೋಟೋ ತೆಗೆದು ನೋಡಿದಾಗ ತಲೆಯೊಳಗಿನ ಒಂದು ರಕ್ತನಾಳ ಸಣ್ಣ ಗುಳ್ಳೆಯ ಹಾಗೆ ಊದಿಕೊಂಡಿರುವುದು ಕಂಡಿತು. ಡಾಕ್ಟರ ಮುಂದೆ ನಾವು ಮೂವರೂ ಕುಳಿತಿದ್ದೆವು. ಆಪರೇಷನ್ ಮಾಡಿ ಗುಳ್ಳೆಯನ್ನು ಮುಚ್ಚಬಹುದು, ಆದರೆ ಮಾಡುವಾಗಲೇ ಕೆಲವರಿಗೆ ಜೀವಕ್ಕೋ ಮಾತಿಗೋ ಅಪಾಯವಾಗುತ್ತದೆ. ಮಾಡದೆ ಬಿಟ್ಟರೆ ಎಷ್ಟೋ ಜನರಿಗೆ ಅದು ಬದುಕಿಡೀ ಸುಮ್ಮನಿರುತ್ತದೆ, ಕೆಲವರಿಗೆ ಒಂದು ದಿನ ಒಡೆಯುತ್ತದೆ. "ನಿಮ್ಮ ವಿಷಯದಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಸಮ ಇದೆ," ಎಂದರು ಡಾಕ್ಟರು. "ಸಮ ಇದ್ದಾಗ ನಾವು ಪೇಷಂಟ್ ಮನಸ್ಸಲ್ಲೇನಿದೆ ಅಂತ ಕೇಳ್ತೀವಿ. ನೀವು ಹೇಳಿ ಅಮ್ಮಾ, ನಿಮಗೇನನ್ಸತ್ತೆ?"

ಅವಳು ತಡಮಾಡಲಿಲ್ಲ. "ಮಾಡಿಬಿಡಿ ಡಾಕ್ಟ್ರೇ. ತಲೆ ಮೇಲೆ ಕತ್ತಿ ತೂಗಾಡ್ತಿದ್ರೆ ನಂಗೆ ಒಂದು ಹೊಲಿಗೆ ನೆಟ್ಟಗೆ ಬರಲ್ಲ."

"ಸ್ವಲ್ಪ ಟೈಮ್ ಕೊಡಿ ಡಾಕ್ಟ್ರೇ," ಎಂದ ನನ್ನ ತಮ್ಮ. ಡಾಕ್ಟರು ಮೂರು ತಿಂಗಳ ಗಡುವು ಕೊಟ್ಟರು.

ಅವನ ತಲೆಯಲ್ಲಿ ಏನಿದೆ ಎಂದು ನನಗೆ ಆಗಲೇ ಗೊತ್ತಾಯಿತು. ಬೀಜ ನುಂಗುವ ಮೊದಲು ಅವನ ಕಣ್ಣು ಹೀಗೇ ಹೊಳೆದಿತ್ತು. ಡಾಕ್ಟರು ಹೇಳಿದ ಅಂಕಿಗಳನ್ನೆಲ್ಲ ಕೇಳಿ ತಿಳಿದುಕೊಂಡ. ಮನೆಯ ಕಂಪ್ಯೂಟರಿನಲ್ಲಿ ಹಳೆಯ ಪುಟವೊಂದರ ತಳದ ಫೈಲನ್ನೇ ಇಟ್ಟುಕೊಂಡು ಅದರ ಮೇಲೆ ಹೊಸ ಪುಟ ಕಟ್ಟಿದ. ಎಡಗಡೆ ನೂರು ಚುಕ್ಕೆ, ಆಪರೇಷನ್ ಮಾಡಿಸಿಕೊಂಡವರು. ಬಲಗಡೆ ನೂರು ಚುಕ್ಕೆ, ಕಾದವರು. ಶುರು ಒತ್ತಿದರೆ ವರ್ಷಗಳು ಕ್ಷಣಗಳ ಹಾಗೆ ಉರುಳುತ್ತವೆ, ಹಳದಿಯಾಗಿ ಬೆಳಗುತ್ತಿರುವ ಚುಕ್ಕೆಗಳಲ್ಲಿ ಕೆಲವು ಬೂದಿಯ ಬಣ್ಣಕ್ಕೆ ತಿರುಗಿ ಆರುತ್ತವೆ. ಕೊನೆಗೆ ಯಾವ ಕಡೆ ಹೆಚ್ಚು ಬೆಳಕು ಉಳಿದಿದೆಯೋ ಆ ಕಡೆ ಗೆದ್ದಂತೆ.

"ನಮಗೆ ಬೇಕಾದ ಉತ್ತರ ಬರೋ ತನಕ ಒತ್ತಬಾರ್ದು," ಎಂದ ಹೆಂಡತಿಗೆ. "ದಿನಕ್ಕೆ ಒಂದೇ ಸಲ. ಸಂಜೆ ಸ್ಕೂಲಿಂದ ಬಂದ್ಮೇಲೆ ಪುಟ ತೆಗೆಯೋದು, ಏನಾಗತ್ತೆ ಅಂತ ಮೊದಲೇ ಹೇಳೋದು, ಒಂದು ಸಲ ಒತ್ತೋದು, ಮುಚ್ಚೋದು. ಡಾಕ್ಟ್ರು ಕೊಟ್ಟಿರೋ ಗಡುವು ಮುಗಿಯೋ ಅಷ್ಟರಲ್ಲಿ ಯಾವ ಕಡೆ ಜಾಸ್ತಿ ಸಲ ಗೆದ್ದಿದೆ ನೋಡೋಣ. ಅದು ಹೇಳಿದ್ಹಾಗೆ ನಡಿಯೋಣ. ನಂದೂ ಬೇಡ, ನಿಂದೂ ಬೇಡ."

ಎಷ್ಟು ನ್ಯಾಯವಾದ ಮಾತು ನೋಡಿ. ನಾನೂ ತಲೆಯಾಡಿಸಿದೆ. ಇಷ್ಟು ಪ್ರಾಮಾಣಿಕ ಗಂಡ ಯಾರಿಗೆ ಸಿಗುತ್ತಾನೆ ಎಂದು ಮನಸ್ಸಿನಲ್ಲೇ ಹೆಮ್ಮೆಪಟ್ಟೆ.

ಎಣಿಕೆಗೆ ದಾರಿ ಹುಡುಕಿದವಳು ಅವಳೇ. ಎರಡು ಗಾಜಿನ ಬಾಟಲಿ ತೊಳೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಕಾಯುವುದು ಗೆದ್ದ ದಿನ ಒಂದರಲ್ಲಿ ಬಿಳಿ ಗುಂಡಿ, ಆಪರೇಷನ್ ಗೆದ್ದ ದಿನ ಇನ್ನೊಂದರಲ್ಲಿ ಕಪ್ಪು ಗುಂಡಿ. ಬಲಗಡೆಯ ನೂರು ಚುಕ್ಕೆಗಳಲ್ಲಿ ಒಂದನ್ನು ಬೆರಳಿಟ್ಟು ಆರಿಸಿಕೊಂಡು, "ಸದ್ಯಕ್ಕೆ ಕಾಯ್ತಿರೋಳಲ್ವಾ, ಇದು ನಾನು" ಎಂದಳು. ಎರಡನೇ ಸಾಲಿನಲ್ಲಿ ಅಂಚಿಗೆ ಹತ್ತಿರದ ಒಂದು ಚುಕ್ಕೆ. ಯಾಕೆ ಅದೇ ಎಂದು ಕೇಳಿದ್ದಕ್ಕೆ, "ಬಾಗಿಲ ಹತ್ರ ಇದ್ರೆ ಗಾಳಿ ಬರತ್ತೆ ಅತ್ತಿಗೆ," ಎಂದಳು.

ಮೊದಲ ದಿನ ಬಲಗಡೆ ಗೆದ್ದಿತು. ಬಿಳಿ ಗುಂಡಿ ಠಣ್ಣೆಂದು ಬಿತ್ತು. ಎರಡನೇ ದಿನವೂ ಬಲಗಡೆ. ಮೂರನೇ ದಿನವೂ. ಅವಳ ಚುಕ್ಕೆ ಒಂದು ದಿನವೂ ಆರಲಿಲ್ಲ. ಅವಳು ಪ್ರತಿ ಸಂಜೆ ಯಂತ್ರ ನಿಲ್ಲಿಸಿ, ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಬಂದು ಗಂಡನ ಭುಜದ ಮೇಲಿಂದ ನೋಡುತ್ತಿದ್ದಳು. ಅವನು ಮುಖ ಬಿಗಿದು "ಇವತ್ತು ಎಡಗಡೆ ಗೆಲ್ಲಬಹುದು" ಎಂದೋ "ಬಲಗಡೆ" ಎಂದೋ ಮೊದಲೇ ಹೇಳಿ ಒತ್ತುತ್ತಿದ್ದ. ಬಿಳಿ ಗುಂಡಿಗಳು ಏರುತ್ತ ಹೋದವು. ಕಪ್ಪಿನ ಬಾಟಲಿ ತೊಳೆದಿಟ್ಟ ಹಾಗೇ ಇತ್ತು.

ಒಂದು ಸಂಜೆ ನಾನು ಅಲ್ಲೇ ಇದ್ದೆ. ಅವಳು ಆ ಖಾಲಿ ಬಾಟಲಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. "ಅಲ್ಲಾ ರೀ, ದಾಳ ಅಂತೀರಿ. ಒಂದಿನಾನೂ ಈ ಕಡೆ ಬೀಳ್ಲಿಲ್ವಲ್ಲ? ಇಷ್ಟು ವರ್ಷ ಕತ್ತರಿ ಹಿಡಿದಿದೀನಿ, ನನ್ನ ಕೈಯೇ ಆಗಾಗ ಸೊಟ್ಟ ಹೋಗತ್ತೆ. ಇದು ಒಂದು ಸಲಾನೂ ಸೊಟ್ಟ ಹೋಗಲ್ವಾ?"

"ಅಷ್ಟು ಸ್ಪಷ್ಟವಾಗಿದೆ ಅಂತ ಅರ್ಥ ಕಣೇ," ಎಂದ ಅವನು. ಅವನ ದನಿಯಲ್ಲಿ ಎಂಥ ಸಂತೋಷ! ಆಸೆಗೆ ಕಣ್ಣಿಲ್ಲ. ಹೆಂಡತಿಯ ತಲೆಗೆ ಯಾರೂ ಕತ್ತರಿ ಹಾಕಬೇಕಾಗಿಲ್ಲ ಎಂದು ಪರದೆ ದಿನವೂ ಹೇಳುತ್ತಿರುವಾಗ ಅವನಿಗೆ ಬೇರೇನು ಕಾಣಬೇಕು?

ಅವಳು ತಗಡಿನ ಡಬ್ಬದಿಂದ ಒಂದು ಕಪ್ಪು ಗುಂಡಿ ಆರಿಸಿ ಆ ಬಾಟಲಿಗೆ ಹಾಕಿದಳು. "ಇದು ನಂದು. ಪಾಪ, ಒಂದಾದ್ರೂ ಇರ್ಲಿ," ಎಂದು ನಕ್ಕಳು. ನಾನೂ ನಕ್ಕೆ. ಅವನು ನಗಲಿಲ್ಲ. ಎದ್ದು ಬಂದು ಬಾಟಲಿಯನ್ನು ಅಂಗೈಗೆ ಬೋರಲು ಹಾಕಿ ಗುಂಡಿ ತೆಗೆದು, "ಕಳ್ಳಲೆಕ್ಕ ಬೇಡ ಕಣೇ. ಶುರು ಒತ್ತದೇ ಹಾಕಿದ ಗುಂಡಿಗೆ ಅರ್ಥ ಇಲ್ಲ," ಎಂದು ಹೇಳಿ ಅದನ್ನು ಮತ್ತೆ ಡಬ್ಬದೊಳಕ್ಕೆ ಎಸೆದ. ಅವಳು ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. "ಸರಿ ಬಿಡಿ, ನೀವುಂಟು ನಿಮ್ಮ ಚುಕ್ಕೆ ಉಂಟು," ಎಂದು ಯಂತ್ರದ ಮುಂದೆ ಹೋಗಿ ಕುಳಿತಳು.

ಗಡುವು ಮುಗಿದಾಗ ಬಿಳಿಯ ಬಾಟಲಿ ಕಂಠದವರೆಗೂ ತುಂಬಿತ್ತು. ಅವಳು ಅದರ ಮುಂದೆ ಸೋತಳು. ಡಾಕ್ಟರಿಗೆ ಫೋನು ಮಾಡಿ, ಕಾಯುತ್ತೇವೆ ಎಂದು ಹೇಳಿದವಳು ಅವಳೇ. ಫೋನಿಟ್ಟು ನನ್ನ ಕಡೆ ತಿರುಗಿ, "ಇಷ್ಟೊಂದು ಗುಂಡಿ ಒಂದು ಮಾತು ಹೇಳ್ತಿರೋವಾಗ ನನ್ನದೊಂದೇ ತಲೆ ಬೇರೆ ಹೇಳಿದ್ರೆ ಅದು ಹಟ ಆಗತ್ತೆ ಅಲ್ವಾ ಅತ್ತಿಗೆ?" ಎಂದಳು. ನಾನು ಹೌದು ಅಂದೆನೋ ಇಲ್ಲ ಅಂದೆನೋ ನೆನಪಿಲ್ಲ.

ಬೇಸಿಗೆ ರಜೆ ಕಳೆದು ಶಾಲೆಗಳು ಮತ್ತೆ ಶುರುವಾಗುವ ಕಾಲ ಬಂತು, ಸಮವಸ್ತ್ರದ ಕೆಲಸ ಮೈತುಂಬ ಇರುವ ಕಾಲ. ಮಧ್ಯಾಹ್ನ ಬಟ್ಟೆ ತೆಗೆದುಕೊಂಡು ಹೋಗಲು ಬಂದ ಯಾರೋ ತಾಯಿ, ಇವಳು ಯಂತ್ರದ ಮೇಲೆ ತಲೆಯಿಟ್ಟು ಮಲಗಿದ್ದಾಳೆ ಎಂದುಕೊಂಡು ಸ್ವಲ್ಪ ಹೊತ್ತು ಹೊಸ್ತಿಲಲ್ಲಿ ಕಾದರಂತೆ. ಆಮೇಲೆ ಕೂಗಿದರಂತೆ. ನಾನು ಅಂಗಡಿಯ ಬಾಗಿಲು ಹಾಕದೆ ಓಡಿದೆ. ಒಂದು ಸಣ್ಣ ಅಂಗಿಯ ತೋಳು ಸೂಜಿಯ ಕೆಳಗೆ ಅರ್ಧ ಹೊಲಿದು ನಿಂತಿತ್ತು. ಆಸ್ಪತ್ರೆಗೆ ಹೋದೆವು, ಅಲ್ಲಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಗುಳ್ಳೆ ಒಡೆದಿತ್ತು.

ಅಷ್ಟಕ್ಕೇ ನಿಂತಿದ್ದರೆ ಅದನ್ನು ದುಃಖ ಎನ್ನಬಹುದಿತ್ತು. ದುಃಖವನ್ನು ಜನ ಹೊರುತ್ತಾರೆ. ನನ್ನ ತಮ್ಮನೂ ಹೊತ್ತ. "ದಾಳದಲ್ಲಿ ಕೆಲವರು ಆರ್ತಾರೆ ಅಕ್ಕ. ಬಲಗಡೇನೂ ಎಲ್ರೂ ಉಳೀತಿರ್ಲಿಲ್ಲ. ನಾವು ನ್ಯಾಯವಾಗಿ ನೋಡಿ ಆರಿಸ್ಕೊಂಡ್ವಿ, ಅವಳ ಪಾಲಿಗೆ ಹೀಗೆ ಬಿತ್ತು," ಎಂದು ನನಗೇ ಸಮಾಧಾನ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅಳುತ್ತಿದ್ದ. ಆದರೂ ಆ ಮಾತು ಅವನನ್ನು ಎತ್ತಿ ಹಿಡಿದಿತ್ತು. ಮತ್ತೆ ಶಾಲೆಗೆ ಹೋಗತೊಡಗಿದ.

ಸಂಜೆ ಮನೆಗೆ ಬಂದವನು ಆ ಪುಟವನ್ನು ತೆರೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ದಿನಕ್ಕೆ ಒಂದೇ ಸಲ. ಯಾಕೋ ಇನ್ನೂ ಅದನ್ನು ನೋಡುತ್ತೀಯ ಎಂದು ಗದರಿದೆ. "ಅದರಲ್ಲಿ ಅವಳು ಇದಾಳೆ ಅಕ್ಕ. ದಿನಾ ಉಳೀತಾಳೆ," ಎಂದ. ಒಂದು ದಿನ ಪರದೆಯ ಸ್ಕ್ರೀನ್‌ಶಾಟನ್ನು ನನ್ನ ಅಂಗಡಿಗೆ ಕಳಿಸಿ, ಬಣ್ಣದಲ್ಲಿ ಪ್ರಿಂಟ್ ತೆಗೆದುಕೊಡು ಎಂದು ಕೇಳಿದ. ಎಡಗಡೆ ನೂರು, ಬಲಗಡೆ ನೂರು, ಎರಡನೇ ಸಾಲಿನ ಅಂಚಿಗೆ ಹತ್ತಿರ ಅವಳು, ಹಳದಿಯಾಗಿ. ತೆಗೆದುಕೊಟ್ಟೆ. ಅದನ್ನು ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದ.

ಕೆಲವು ತಿಂಗಳಾದ ಮೇಲೆ ಕಿಟಕಿಯಿಂದ ಬಿಸಿಲು ಬಿದ್ದು ಆ ಕಾಗದದ ಬಣ್ಣ ಮಾಸಿತು. ಅದನ್ನು ಕಿತ್ತುಕೊಂಡು ಅಂಗಡಿಗೆ ಬಂದ. "ಅಕ್ಕಾ, ಹೊಸದೊಂದು ಕಳಿಸಿದೀನಿ. ನಿನ್ನೆ ಸಂಜೇದು. ಈಗ್ಲೂ ಉಳಿದಿದಾಳೆ ನೋಡು." ನಾನು ಪ್ರಿಂಟ್ ತೆಗೆದೆ. ಹೊಸ ಪ್ರತಿ ಸರಿಯಾಗಿ ಬಂದಿದೆಯೇ ಎಂದು ಹಳೆಯದರ ಮೇಲಿಟ್ಟು ಟ್ಯೂಬ್‌ಲೈಟಿಗೆ ಹಿಡಿದು ನೋಡುವುದು ನನಗೆ ಮೊದಲಿಂದಲೂ ಅಭ್ಯಾಸ. ಕೈ ತಾನಾಗಿಯೇ ಹೋಯಿತು. ಎರಡೂ ಕಾಗದ ಒಂದರ ಮೇಲೊಂದು ಕೂತವು. ಹಳದಿಯ ಮೇಲೆ ಹಳದಿ, ಬೂದಿಯ ಮೇಲೆ ಬೂದಿ. ಒಂದು ಚುಕ್ಕೆಯೂ ಆಚೀಚೆ ಇರಲಿಲ್ಲ.

"ಅಯ್ಯೋ, ಮೊದ್ಲು ಕಳಿಸಿದ್ದನ್ನೇ ಮತ್ತೆ ಕಳಿಸಿದೀಯಲ್ಲೋ," ಎಂದೆ. "ಸುಮ್ನೆ ಬಣ್ಣ ದಂಡ."

"ಇಲ್ಲ ಅಕ್ಕ. ಅದು ಬೇರೆ, ಇದು ಬೇರೆ. ನಿನ್ನೆ ಒತ್ತಿದ್ದು ಇದು."

"ಬೇರೆ ಎಲ್ಲಿದೆ ತೋರಿಸು. ಅದರದ್ದೇ ಪ್ರತಿ ಇದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತನ್ನು ನಾನು ನುಂಗಿಬಿಡಬಹುದಿತ್ತಲ್ಲ ಎಂದು ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಅವನು ನನ್ನ ಕೈಯಿಂದ ಎರಡೂ ಕಾಗದ ತೆಗೆದುಕೊಂಡು ಬೆಳಕಿಗೆ ಹಿಡಿದ. ಮೊದಲು ಅವಳ ಚುಕ್ಕೆಯನ್ನು ನೋಡಿದ. ಆಮೇಲೆ, ಬಹುಶಃ ಮೊದಲ ಸಲ, ಉಳಿದ ಚುಕ್ಕೆಗಳನ್ನು ನೋಡಿದ. "ಹೆಡ್ ಮೇಡಂ," ಎಂದ ಮೆಲ್ಲಗೆ. ನನಗೆ ಅರ್ಥವಾಗಲಿಲ್ಲ. ಕಾಗದಗಳನ್ನು ಅಲ್ಲೇ ಬಿಟ್ಟು ರಸ್ತೆ ದಾಟಿ ಹೋದ.

ಆ ಒಂದು ಸಾಲು. ತಳದ ಫೈಲಿನಲ್ಲಿ ಅದು ಹಾಗೇ ಕುಳಿತಿತ್ತು. ಪುಟ ತೆರೆದು ಮೊದಲ ಸಲ ಒತ್ತಿದಾಗ ದಾಳ ಯಾವಾಗಲೂ ಒಂದೇ ರೀತಿ ಬೀಳುತ್ತದೆ. ಅವನು ದಿನವೂ ಪುಟವನ್ನು ಹೊಸದಾಗಿ ತೆರೆದು ಒಂದೇ ಸಲ ಒತ್ತುತ್ತಿದ್ದ. ಮೋಸ ಮಾಡುವವನಾಗಿದ್ದರೆ ಮತ್ತೆ ಮತ್ತೆ ಒತ್ತುತ್ತಿದ್ದ, ಎರಡನೇ ಸಲಕ್ಕೇ ಫಲ ಬದಲಾಗುತ್ತಿತ್ತು, ಗುಟ್ಟು ಹೊರಬೀಳುತ್ತಿತ್ತು. ಪ್ರಾಮಾಣಿಕನಾಗಿದ್ದರಿಂದಲೇ ಅವನಿಗೆ ಗೊತ್ತಾಗಲಿಲ್ಲ. ಅವನು ಬಾಟಲಿ ತುಂಬ ಸಾಕ್ಷಿ ಕೂಡಿಟ್ಟೆ ಎಂದುಕೊಂಡಿದ್ದ. ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಒಬ್ಬನೇ ರುಜು ಮಾಡಿದ ಒಂದು ಕಾಗದವನ್ನು ನೂರು ಜೆರಾಕ್ಸ್ ತೆಗೆದು ನೂರು ಜನ ರುಜು ಮಾಡಿದ್ದಾರೆ ಎಂದು ನಂಬಿದ್ದ.

ಮೂರು ದಿನ ಅವನು ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಊಟ ತೆಗೆದುಕೊಂಡು ಹೋದೆ. ಬಾಗಿಲು ತೆರೆದೇ ಇತ್ತು. ಸಾಲನ್ನು ಅಳಿಸಿ ಹಾಕಿದ್ದೇನೆ ಎಂದ. ಅಳಿಸಿದ ಮೇಲೆ ಮೊದಲ ಬಾರಿಗೆ ಕಟ್ಟಳೆ ಮುರಿದು ಸಾವಿರಾರು ಸಲ ಓಡಿಸಿದನಂತೆ. ಒಮ್ಮೆ ಎಡ ಗೆಲ್ಲುತ್ತದೆ, ಒಮ್ಮೆ ಬಲ. ಎರಡನೇ ಸಾಲಿನ ಆ ಚುಕ್ಕೆ ಒಮ್ಮೆ ಉಳಿಯುತ್ತದೆ, ಒಮ್ಮೆ ಆರುತ್ತದೆ.

"ಸಮ ಅಕ್ಕ," ಎಂದ. "ಡಾಕ್ಟ್ರು ಹೇಳಿದ್ದೇ. ಎರಡೂ ಸಮ."

ನನಗೆ ಹೋದ ಜೀವ ಬಂದಂತಾಯಿತು. "ಹಾಗಿದ್ರೆ ನಿನ್ನ ತಪ್ಪೇನಿದೆಯೋ? ಆಪರೇಷನ್ ಮಾಡ್ಸಿದ್ರೂ ಹೋಗ್ತಿದ್ಲೋ ಏನೋ. ಯಾರಿಗೆ ಗೊತ್ತು?"

"ಅದು ಯಾರಿಗೂ ಗೊತ್ತಿಲ್ಲ. ಇನ್ಮುಂದೇನೂ ಗೊತ್ತಾಗಲ್ಲ." ಅವನ ದನಿ ಎಷ್ಟು ತಣ್ಣಗಿತ್ತೆಂದರೆ, ಅಳುತ್ತಿದ್ದ ದಿನಗಳೇ ಮೇಲು ಅನ್ನಿಸಿತು. "ಆದ್ರೆ ಸಮ ಇದ್ರೆ ಅವಳನ್ನ ಕೇಳ್ಬೇಕಿತ್ತು. ಡಾಕ್ಟ್ರು ಕೇಳಿದ್ರು. ಅವಳು ಹೇಳಿದ್ಲು. ಸಮ ಇದ್ದಾಗ ಅವಳ ಮಾತೇ ಕೊನೆ ಮಾತಾಗ್ಬೇಕಿತ್ತು. ನಾನು ಒಂದು ಬಾಟಲಿ ಗುಂಡಿ ತೋರಿಸಿ ಅವಳ ಬಾಯಿ ಮುಚ್ಚಿಸ್ದೆ."

ಕೈಯಲ್ಲಿದ್ದ ಊಟದ ಡಬ್ಬಿಯನ್ನು ಎಲ್ಲಿಡುವುದೆಂದು ಸುತ್ತ ನೋಡಿದೆ. ಇಡಲು ಜಾಗವಿರಲಿಲ್ಲ. ಹೊಲಿಗೆ ಕೋಣೆಯ ನೆಲದ ಮೇಲೆ ಹಾಸಿದ್ದ ಬಿಳಿ ಬಟ್ಟೆಯ ತುಂಬ ಕಪ್ಪು ಗುಂಡಿಗಳು. ತಗಡಿನ ಡಬ್ಬವನ್ನು ಪೂರ್ತಿ ಸುರಿದು, ಕಪ್ಪು ಗುಂಡಿಗಳನ್ನಷ್ಟೇ ಆರಿಸಿ ಹರಡಿಕೊಂಡಿದ್ದ. ಬದಿಯಲ್ಲಿ ಆ ಖಾಲಿ ಬಾಟಲಿ. ಅವನು ಒಂದೊಂದನ್ನೇ ಎತ್ತಿ ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ, ಮತ್ತೆ ಕೆಳಗಿಡುತ್ತಿದ್ದ.

"ಇದೇನೋ ಮಾಡ್ತಿದೀಯ?"

"ಅವಳು ಹಾಕಿದ್ಲಲ್ಲ, ಅವತ್ತು. ನೀನೂ ಇದ್ದೆ. ಇದು ನಂದು ಅಂತ." ಅವನು ತಲೆ ಎತ್ತಲಿಲ್ಲ. "ಎರಡು ಬಾಟಲೀಲೂ ಸೇರಿ ನಿಜವಾದ ಗುಂಡಿ ಅದೊಂದೇ ಅಕ್ಕ. ಮಿಕ್ಕಿದ್ದೆಲ್ಲಾ ಹೆಡ್ ಮೇಡಂದು. ಅದನ್ನ ಕಳ್ಳಲೆಕ್ಕ ಅಂತ ನಾನೇ ತೆಗೆದು ಇದರೊಳಕ್ಕೆ ಎಸೆದೆ. ಯಾವ್ದು ಅಂತ ಗೊತ್ತಾಗ್ತಿಲ್ಲ. ಎಲ್ಲಾ ಒಂದೇ ಥರ ಇವೆ."

ಅವನ ಎದುರಿಗೆ ನೆಲದ ಮೇಲೆ ಕುಳಿತೆ. ಎಲ್ಲವೂ ನಾಲ್ಕು ತೂತಿನ, ಸಮವಸ್ತ್ರದ ಚಡ್ಡಿಗೆ ಹಾಕುವ ಸಾಮಾನ್ಯ ಗುಂಡಿಗಳು. ನನಗೆ ತಡೆಯಲಾಗಲಿಲ್ಲ. "ಯಾವ್ದಾದ್ರೂ ಒಂದನ್ನ ಹಾಕಿಬಿಡೋ," ಎಂದೆ. "ಅವಳು ಬೇಡ ಅಂತಾಳಾ?"

ಅವನು ಕೈಯಲ್ಲಿದ್ದ ಗುಂಡಿಯನ್ನು ಬಾಟಲಿಯ ಬಾಯಿಯ ತನಕ ತಂದ. ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಕೆಳಗಿಟ್ಟ.

"ಅದು ಸುಳ್ಳಾಗತ್ತೆ ಅಕ್ಕ," ಎಂದ.

ಬಾಟಲಿ ಇನ್ನೂ ಕಿಟಕಿಯ ಕಟ್ಟೆಯ ಮೇಲೆ ಖಾಲಿಯೇ ಇದೆ.